ಹೊರಡುವ ಬಾಗಿಲಿಲ್ಲದ ಮನೆ

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರಿಗೆ ಮನೆಯ ಅರ್ಥಶಾಸ್ತ್ರವನ್ನು ಯಾರೂ ಕಲಿಸಬೇಕಾಗಿಲ್ಲ. ಈ ಊರಿನಲ್ಲಿ ತಲೆಯ ಮೇಲೊಂದು ಸೂರು ದೊರೆಯುವ ಬಗೆಗಳು ಮೂರು. ಒಂದು, ಸ್ವಂತದ ಮನೆ. ಎರಡು, ಪಗಡಿಯ ಮನೆ: ಮೊದಲಿಗೆ ದೊಡ್ಡದೊಂದು ಮೊತ್ತ ಕೊಟ್ಟು, ಆಮೇಲೆ ಹೆಸರಿಗಷ್ಟೇ ಬಾಡಿಗೆ ಕಟ್ಟುತ್ತ, ತಲೆಮಾರುಗಳ ಕಾಲ ಉಳಿಯಬಹುದಾದ ಮನೆ. ಮೂರನೆಯದು ಲೀವ್ ಅಂಡ್ ಲೈಸೆನ್ಸ್: ಹನ್ನೊಂದು ತಿಂಗಳಿಗೋ ಮೂರು ವರ್ಷಕ್ಕೋ ಕರಾರು, ಅವಧಿ ಮುಗಿದ ದಿನ ಬೀಗದ ಕೈ ಒಪ್ಪಿಸಿ ಹೊರಡಬೇಕು. ‘ಲೈಸೆನ್ಸ್’ ಎಂಬ ಶಬ್ದದ ಅರ್ಥ ನಮ್ಮ ಜನರಿಗೆ ತಿಳಿದದ್ದು ಯಾವ ಪಠ್ಯಪುಸ್ತಕದಿಂದಲೂ ಅಲ್ಲ, ಈ ಕರಾರಿನಿಂದ. ಹೋಟೆಲನ್ನು ಕಂಡಕ್ಟಿಂಗ್‌ಗೆ ಪಡೆದು ನಡೆಸಿದವರಂತೂ ಇದನ್ನು ಇನ್ನಷ್ಟು ಚೆನ್ನಾಗಿ ಬಲ್ಲರು. 1882ರ ಈಸ್‌ಮೆಂಟ್ಸ್ ಕಾಯಿದೆಯ 52ನೆಯ ಕಲಮು ಹೇಳುವಂತೆ, ಲೈಸೆನ್ಸ್ ಎಂದರೆ ಪರರ ಸ್ವತ್ತನ್ನು ಬಳಸಲು ದೊರೆತ ಅನುಮತಿ. ಅದರಿಂದ ಸ್ವತ್ತಿನ ಮೇಲೆ ಯಾವ ಹಕ್ಕೂ ಹುಟ್ಟುವುದಿಲ್ಲ. ಅವಧಿ ಮೀರಿ ಕುಳಿತರೆ ದುಪ್ಪಟ್ಟು ದರದಲ್ಲಿ ಪರಿಹಾರ ತೆರಬೇಕೆಂದು 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 24ನೆಯ ಕಲಮು ವಿಧಿಸುತ್ತದೆ.

ಮನೆಯ ಕರಾರಿನ ಒಂದೊಂದು ಸಾಲನ್ನೂ ಬೆರಳಿಟ್ಟು ಓದುವ ಇದೇ ಜನ, ತಮ್ಮ ಸಂಸ್ಥೆಯ ಯಂತ್ರಗಳ ಕರಾರಿಗೆ ಓದದೆಯೇ ಸಹಿ ಹಾಕುತ್ತಿದ್ದಾರೆ ಎಂಬುದು ನಮ್ಮ ಆಕ್ಷೇಪ. ಸಹಕಾರಿ ಬ್ಯಾಂಕು, ಆಸ್ಪತ್ರೆ, ಶಾಲೆ, ಸಣ್ಣ ಕಾರ್ಖಾನೆ, ಸಾಗಣೆ ಕಚೇರಿ, ಇವೆಲ್ಲವುಗಳ ಲೆಕ್ಕಪತ್ರಗಳು ಇಂದು ವರ್ಚುವಲ್ ಯಂತ್ರಗಳೊಳಗೆ ವಾಸಿಸುತ್ತಿವೆ. ಆ ಯಂತ್ರಗಳ ನೆಲೆ ಕಳೆದ ಕೆಲವು ವರ್ಷಗಳಲ್ಲಿ ಪಗಡಿಯಿಂದ ಲೀವ್ ಅಂಡ್ ಲೈಸೆನ್ಸಿಗೆ ಬದಲಾಗಿಹೋಗಿದೆ. ಈಗ ಎಲ್ಲ ಕಡೆಯೂ ಕೇಳಿಬರುತ್ತಿರುವ ಪ್ರಶ್ನೆ: ‘ಯಾವ ವೇದಿಕೆ ಶ್ರೇಷ್ಠ?’ ಇದು ಎರಡನೆಯ ಪ್ರಶ್ನೆಯೆಂದು ನಾವು ವಾದಿಸುತ್ತೇವೆ. ಮೊದಲನೆಯದು: ‘ನಾಳೆ ಇಲ್ಲಿಂದ ಹೊರಡಬೇಕಾದರೆ ಬಾಗಿಲು ಎಲ್ಲಿದೆ?’

ಸಾಹಿತ್ಯ ಬಳಗಕ್ಕೇಕೆ ಈ ಉಸಾಬರಿ ಎಂದು ಕೇಳುವವರಿದ್ದಾರೆ. ಹೊರನಾಡಿನ ಕನ್ನಡ ಬದುಕು ಸಂಸ್ಥೆಗಳ ಮೇಲೆ ನಿಂತಿದೆ. 1926ರ ಮೈಸೂರು ಅಸೋಸಿಯೇಷನ್, 1933ರ ಕರ್ನಾಟಕ ಸಂಘ, 1978ರ ಭಾರತ್ ಬ್ಯಾಂಕ್, ಇವೆಲ್ಲ ದುಡಿಯುವ ಜನರ ಒಗ್ಗೂಡಿದ ಹಣದಿಂದ ಮತ್ತು ಹಟದಿಂದ ಎದ್ದವು. ‘ನಮ್ಮದೊಂದು ಜಾಗ ಬೇಕು, ಯಾರೂ ಎಬ್ಬಿಸಲಾಗದ ಜಾಗ’ ಎಂಬುದೇ ಅವುಗಳ ಮೂಲಪ್ರೇರಣೆ. ಕಟ್ಟಡಕ್ಕಾಗಿ ಇಷ್ಟು ಪಟ್ಟುಹಿಡಿದ ಪರಂಪರೆಯ ವಾರಸುದಾರರು ದಾಖಲೆಗಳ ನೆಲೆಯ ವಿಷಯದಲ್ಲಿ ನಿರ್ಲಿಪ್ತರಾಗಿರುವುದು ಸಲ್ಲದು. ನಮ್ಮ ಓದುಗರಲ್ಲಿ ಐರೋಲಿ, ಮಹಾಪೆ, ಪೊವಾಯಿಗಳ ಡೇಟಾ ಸೆಂಟರುಗಳಲ್ಲಿ ದುಡಿಯುವವರೂ ಇದ್ದಾರೆ, ಸಂಘಸಂಸ್ಥೆಗಳ ಆಡಳಿತ ಮಂಡಳಿಗಳಲ್ಲಿ ಕುಳಿತವರೂ ಇದ್ದಾರೆ. ಈ ಇಬ್ಬರೂ ಒಬ್ಬರ ಮಾತನ್ನೊಬ್ಬರು ಕೇಳಿಸಿಕೊಳ್ಳದಿರುವುದೇ ಸಮಸ್ಯೆಯ ಅರ್ಧಭಾಗ.

ಮಂಡಳಿಯವರಿಗಾಗಿ ವಿಷಯವನ್ನು ಬಿಡಿಸಿ ಹೇಳೋಣ. ಗಿರಣಗಾವಿನ ಚಾಳೊಂದನ್ನು ನೆನಪಿಸಿಕೊಳ್ಳಿ. ಕಟ್ಟಡ ಒಂದು, ಖೋಲಿಗಳು ಹಲವು. ಪ್ರತಿ ಖೋಲಿಗೂ ತನ್ನದೇ ಬೀಗ, ತನ್ನದೇ ಸಂಸಾರ. ನೀರು, ವಿದ್ಯುತ್ತು, ಮೆಟ್ಟಿಲು ಮಾತ್ರ ಎಲ್ಲರಿಗೂ ಸೇರಿದ್ದು. ಸರ್ವರ್ ಎಂಬ ಭೌತಿಕ ಯಂತ್ರವೇ ಆ ಕಟ್ಟಡ. ವರ್ಚುವಲ್ ಯಂತ್ರಗಳೇ ಖೋಲಿಗಳು. ಒಂದು ಖೋಲಿಯಲ್ಲಿ ಲೆಕ್ಕಪತ್ರದ ತಂತ್ರಾಂಶ, ಇನ್ನೊಂದರಲ್ಲಿ ದತ್ತಾಂಶ ಸಂಗ್ರಹ, ಮತ್ತೊಂದರಲ್ಲಿ ಇ-ಮೇಲ್. ಕಟ್ಟಡದ ಪ್ರೊಸೆಸರನ್ನೂ ಸ್ಮೃತಿಯನ್ನೂ ಈ ಖೋಲಿಗಳಿಗೆ ಹಂಚಿಕೊಡುವ, ಒಂದರ ಗೋಡೆ ಇನ್ನೊಂದರ ಮೇಲೆ ಬೀಳದಂತೆ ಕಾಯುವ ತಂತ್ರಾಂಶವನ್ನು ಹೈಪರ್‌ವೈಸರ್ ಎನ್ನುತ್ತಾರೆ. 1998ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಹುಟ್ಟಿದ ವಿಎಂವೇರ್ ಸಂಸ್ಥೆ ಈ ಕೆಲಸವನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಿತು. ಎರಡು ದಶಕಗಳ ಕಾಲ ವರ್ಚುವಲೀಕರಣವೆಂದರೆ ವಿಎಂವೇರ್ ಎಂಬಂತೆ ಆಯಿತು. ಅದರ ಗುಣಮಟ್ಟದ ಬಗ್ಗೆ ನಮಗೆ ತಕರಾರಿಲ್ಲ.

ತಕರಾರು ಇರುವುದು ಯಜಮಾನಿಕೆ ಬದಲಾದಾಗ ಬಾಡಿಗೆದಾರರಿಗೆ ಏನಾಗುತ್ತದೆಂಬ ವಿಷಯದಲ್ಲಿ. 2023ರ ನವೆಂಬರ್ 22ರಂದು ಬ್ರಾಡ್‌ಕಾಮ್ ಸಂಸ್ಥೆ ಸುಮಾರು 6,900 ಕೋಟಿ ಡಾಲರುಗಳಿಗೆ ವಿಎಂವೇರನ್ನು ಕೊಂಡುಕೊಂಡಿತು. ಮರು ತಿಂಗಳಲ್ಲೇ ಶಾಶ್ವತ ಪರವಾನಗಿಗಳ ಮಾರಾಟ ನಿಂತಿತು. ಒಮ್ಮೆ ಹಣ ಕೊಟ್ಟು ಕೊಂಡವರ ವಾರ್ಷಿಕ ಬೆಂಬಲದ ನವೀಕರಣವೂ ನಿಂತಿತು. ಉಳಿದದ್ದು ಚಂದಾ ಮಾತ್ರ. ಬೇಕಾದ್ದನ್ನು ಬಿಡಿಬಿಡಿಯಾಗಿ ಕೊಳ್ಳುವ ಕಾಲ ಹೋಗಿ, ಕೆಲವೇ ದೊಡ್ಡ ಕಟ್ಟುಗಳಲ್ಲಿ ಒಂದನ್ನು ಇಡಿಯಾಗಿ ಕೊಳ್ಳಬೇಕಾಯಿತು. 2024ರ ಆರಂಭದಲ್ಲಿ ಉಚಿತ ಆವೃತ್ತಿಯನ್ನು ಹಿಂತೆಗೆದುಕೊಂಡರು. 2025ರ ಏಪ್ರಿಲಿನಲ್ಲಿ ಅದನ್ನು ಮತ್ತೆ ಕೊಟ್ಟರು. ಕೊಟ್ಟದ್ದಕ್ಕೆ ಕೃತಜ್ಞರಾಗಬೇಕೋ, ಕೊಡುವ ಕಸಿಯುವ ಅಧಿಕಾರ ಯಾರ ಕೈಯಲ್ಲಿದೆಯೆಂದು ಗಮನಿಸಬೇಕೋ? ನಾವು ಎರಡನೆಯದನ್ನು ಆರಿಸಿಕೊಳ್ಳುತ್ತೇವೆ. ಅಮೆರಿಕದ ದೂರವಾಣಿ ದೈತ್ಯ ಎಟಿ ಅಂಡ್ ಟಿ 2024ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿ ಕೊನೆಗೆ ರಾಜಿಮಾಡಿಕೊಂಡಿತು. ಬ್ರಿಟನ್ನಿನ ಟೆಸ್ಕೊ 2025ರಲ್ಲಿ ದಾವೆ ಹೂಡಿತು. ಅಂಥ ಆನೆಗಳೇ ವಕೀಲರನ್ನು ನೇಮಿಸಿಕೊಂಡು ಬಡಿದಾಡುವ ಕಣದಲ್ಲಿ ವಡಾಲಾದ ಶಾಲೆಯೊಂದೋ ಡೊಂಬಿವಲಿಯ ಪತ್ತಿನ ಸಂಘವೊಂದೋ ಯಾರೊಡನೆ ಚೌಕಾಸಿ ಮಾಡೀತು?

ಬೆಲೆಯ ಲೆಕ್ಕವನ್ನೂ ನೋಡಿ. ಚಂದಾ ಈಗ ಪ್ರೊಸೆಸರಿನ ಕೋರುಗಳ ಎಣಿಕೆಯ ಮೇಲಿದೆ. ಪ್ರತಿ ಪ್ರೊಸೆಸರಿಗೆ ಕನಿಷ್ಠ 16 ಕೋರು ಎಂದು ಎಣಿಸುತ್ತಾರೆ. ಎಂಟು ಕೋರಿನ ಒಂದೊಂದು ಪ್ರೊಸೆಸರ್ ಇರುವ ಎರಡು ಸಣ್ಣ ಸರ್ವರುಗಳಿರುವ ಕಚೇರಿಯಲ್ಲಿ ಇರುವುದು ಒಟ್ಟು 16 ಕೋರು. ತೆರುವುದು 32 ಕೋರುಗಳಿಗೆ. ಕಟ್ಟಡ ಚಿಕ್ಕದಾದಷ್ಟೂ ಇಲ್ಲದ ಖೋಲಿಗೆ ಬಾಡಿಗೆ ಕಟ್ಟುವ ಪ್ರಮಾಣ ಹೆಚ್ಚು. ವಿಪತ್ತಿನ ಕಾಲಕ್ಕೆಂದು ಬೇರೊಂದು ಊರಿನಲ್ಲಿ ಸಜ್ಜಾಗಿ ನಿಲ್ಲಿಸಿದ ಸರ್ವರುಗಳ ಕೋರುಗಳೂ ಈ ಎಣಿಕೆಗೆ ಬರುತ್ತವೆ. ಈ ನಿಯಮವನ್ನು ರೂಪಿಸಿದವರ ಕಣ್ಣಿನಲ್ಲಿ ಸಣ್ಣ ಸಂಸ್ಥೆಗಳು ಗಿರಾಕಿಗಳೇ ಅಲ್ಲ.

ನಮ್ಮ ನ್ಯಾಯಾಲಯಗಳು ತಂತ್ರಾಂಶವನ್ನು ಕಂಡ ಬಗೆಯನ್ನು ಇಲ್ಲಿ ನೆನೆಯಬೇಕು. ಮುಂಬಯಿಯ ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ಮತ್ತು ಆಂಧ್ರಪ್ರದೇಶ ರಾಜ್ಯದ ನಡುವಣ ಮೊಕದ್ದಮೆಯಲ್ಲಿ, ಸಿದ್ಧ ತಂತ್ರಾಂಶವೂ ಅಂಗಡಿಯ ಸರಕಿನಂತೆ ಒಂದು ‘ವಸ್ತು’ ಎಂದು ಸರ್ವೋಚ್ಚ ನ್ಯಾಯಾಲಯ 2004ರಲ್ಲಿ ತೀರ್ಮಾನಿಸಿತು. ಬೆಂಗಳೂರಿನ ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಪ್ರಕರಣದ 2021ರ ಮಾರ್ಚ್ 2ರ ತೀರ್ಪಿನಲ್ಲಿಯೂ, ಬಳಕೆದಾರನು ಇಂಥ ತಂತ್ರಾಂಶಕ್ಕೆ ಕೊಡುವ ಹಣ ಕೃತಿಸ್ವಾಮ್ಯದ ರಾಯಲ್ಟಿಯಲ್ಲ, ಒಂದು ಪ್ರತಿಯ ಬೆಲೆ ಎಂಬ ನಿಲುವೇ ಬಂದಿತು. ಎರಡೂ ತೆರಿಗೆಯ ವ್ಯಾಜ್ಯಗಳು, ನಿಜ. ಆದರೂ ಅವುಗಳ ಹಿಂದೆ ಸಾಮಾನ್ಯ ಜನರ ಒಂದು ತಿಳಿವಳಿಕೆಯಿದೆ: ಕಾಸು ಕೊಟ್ಟು ತಂದದ್ದು ನನ್ನದು. ಚಂದಾ ಪದ್ಧತಿ ಮುರಿದದ್ದು ಈ ತಿಳಿವಳಿಕೆಯನ್ನು. ಈಗ ತರುವುದೂ ಇಲ್ಲ, ಕೊಡುವುದು ಮಾತ್ರ ಮುಗಿಯುವುದಿಲ್ಲ.

ಫೋರ್ಟಿನಲ್ಲಿ ಕುಳಿತ ರಿಸರ್ವ್ ಬ್ಯಾಂಕಿಗೆ ಈ ಅಪಾಯದ ಅರಿವು ಇಲ್ಲದಿಲ್ಲ. ಮಾಹಿತಿ ತಂತ್ರಜ್ಞಾನ ಸೇವೆಗಳ ಹೊರಗುತ್ತಿಗೆಯ ಬಗ್ಗೆ 2023ರ ಏಪ್ರಿಲ್ 10ರಂದು ಹೊರಡಿಸಿ ಅಕ್ಟೋಬರ್ 1ರಿಂದ ಜಾರಿಗೆ ತಂದ ನಿರ್ದೇಶನದಲ್ಲಿ, ಸೇವೆ ಕೊಡುವವನನ್ನು ಬಿಟ್ಟು ಹೊರಬರುವ ಯೋಜನೆ ಮೊದಲೇ ಸಿದ್ಧವಿರಬೇಕೆಂದು ಅದು ಕಟ್ಟುಮಾಡಿದೆ. ದೊಡ್ಡ ನಗರ ಸಹಕಾರಿ ಬ್ಯಾಂಕುಗಳಿಗೂ ಆ ನಿರ್ದೇಶನ ಅನ್ವಯಿಸುತ್ತದೆ. ಆದರೆ ಪರವಾನಗಿ ಅಥವಾ ಚಂದಾದ ಮೇಲೆ ತಂತ್ರಾಂಶ ಪಡೆಯುವುದನ್ನು ಅದೇ ನಿರ್ದೇಶನ ‘ಹೊರಗುತ್ತಿಗೆ’ಯ ಪಟ್ಟಿಯಿಂದ ಹೊರಗಿಟ್ಟಿದೆ. ಅಂದರೆ, ಕಾವಲುಗಾರನನ್ನು ಬದಲಿಸುವ ಯೋಜನೆ ಬೇಕು. ಕಟ್ಟಡದ ಬುಡವೇ ಬದಲಾದರೆ ಏನು ಮಾಡುವಿರಿ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಕಾನೂನು ಕೇಳದಿದ್ದರೆ ಮಂಡಳಿಗಳೇ ಕೇಳಿಕೊಳ್ಳಬೇಕು.

ಇದೆಲ್ಲ ಬರಿಯ ಭೀತಿಯೆನ್ನುವವರು 2025ರ ಜುಲೈ ತಿಂಗಳನ್ನು ನೆನಪಿಸಿಕೊಳ್ಳಲಿ. ಗುಜರಾತಿನ ವಾಡಿನಾರದಲ್ಲಿ ತೈಲ ಶುದ್ಧೀಕರಣಾಗಾರವನ್ನೂ ಮುಂಬಯಿಯಲ್ಲಿ ಕಾರ್ಪೊರೇಟ್ ಕಚೇರಿಯನ್ನೂ ಹೊಂದಿರುವ ನಯಾರಾ ಎನರ್ಜಿಯ ಮೇಲೆ ಐರೋಪ್ಯ ಒಕ್ಕೂಟ ಆ ತಿಂಗಳ 18ರಂದು ನಿರ್ಬಂಧ ಹೇರಿತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ತನ್ನ ಸೇವೆಗಳನ್ನು ನಿಲ್ಲಿಸಿತು. ಹಣ ಪೂರ್ತಿ ಕಟ್ಟಿದ ಪರವಾನಗಿಗಳು ತಮ್ಮಲ್ಲಿವೆ, ತಮ್ಮದೇ ದತ್ತಾಂಶ ತಮಗೆ ಸಿಗುತ್ತಿಲ್ಲವೆಂದು ಕಂಪನಿ ದೆಹಲಿ ಹೈಕೋರ್ಟಿಗೆ ಹೋಯಿತು. ತಿಂಗಳು ಮುಗಿಯುವುದರೊಳಗೆ ಸೇವೆ ಮರಳಿತು. ಭಾರತದ ಯಾವ ಕಾನೂನೂ ಆ ಸಂಸ್ಥೆಯ ಇ-ಮೇಲನ್ನು ನಿಲ್ಲಿಸಿರಲಿಲ್ಲ. ದೂರದ ಊರೊಂದರ ನಿರ್ಧಾರ ನಿಲ್ಲಿಸಿತು. ನಿರ್ಬಂಧದ ರಾಜಕೀಯದ ತಪ್ಪುಒಪ್ಪುಗಳು ಏನೇ ಇರಲಿ, ಕೀಲಿ ಯಾರ ಬಳಿಯಿದೆಯೆಂಬುದನ್ನು ಆ ಒಂದು ವಾರ ತೋರಿಸಿಕೊಟ್ಟಿತು.

ಈಗ ಎದುರು ಪಕ್ಷದ ವಾದಗಳಿಗೆ ಬರೋಣ. ಮೊದಲನೆಯದು: ‘ಬೆಲೆ ಎಷ್ಟಾದರೂ ಆಗಲಿ, ನವೀಕರಿಸಿಬಿಡಿ. ನಮ್ಮ ಹುಡುಗರು ಕಲಿತದ್ದು ಅದನ್ನೇ. ತಂತ್ರಾಂಶ ಮಾರಿದವರು ಪ್ರಮಾಣಪತ್ರ ಕೊಟ್ಟದ್ದೂ ಅದರ ಮೇಲೆಯೇ.’ ಈ ವಾದದಲ್ಲಿ ತಿರುಳಿದೆ. ಸಾವಿರಾರು ವರ್ಚುವಲ್ ಯಂತ್ರಗಳೂ ಅವುಗಳಿಗೆ ಹೆಣೆದ ಸಂಕೀರ್ಣ ಜಾಲವ್ಯವಸ್ಥೆಯೂ ಇರುವ ದೊಡ್ಡ ಬ್ಯಾಂಕು ಒಂದು ವರ್ಷದಲ್ಲಿ ಎದ್ದು ಹೊರಡಲಾರದು. ಅಂಥವರು ಒಂದು ಅವಧಿಗೆ ನವೀಕರಿಸಿದರೆ ನಾವು ದೂರುವುದಿಲ್ಲ. ಆದರೆ ಆ ಅವಧಿಯನ್ನು ಹೊರಡುವ ಸಿದ್ಧತೆಗೆ ಬಳಸದೆ, ಮುಂದಿನ ನವೀಕರಣದ ದಿನ ಮತ್ತೆ ಅದೇ ಮಾತನ್ನು ಆಡುವವರನ್ನು ದೂರುತ್ತೇವೆ. ಹಳೆಯ ಆವೃತ್ತಿಯಲ್ಲೇ ಸುಮ್ಮನೆ ಉಳಿದುಬಿಡುವ ದಾರಿಯೂ ಇಲ್ಲ. ವಿಸ್ಫಿಯರ್ 7ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 2ಕ್ಕೆ ಮುಗಿಯಿತು. ಭದ್ರತೆಯ ತೇಪೆಗಳಿಲ್ಲದ ಯಂತ್ರದಲ್ಲಿ ಠೇವಣಿದಾರರ ಲೆಕ್ಕವಿಡುವುದು, ಬಿರುಕುಬಿಟ್ಟ ಕಟ್ಟಡದಲ್ಲಿ ಮಳೆಗಾಲ ಕಳೆದಂತೆ.

ಎರಡನೆಯ ವಾದ: ‘ಮುಕ್ತ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಹಾಕಿಕೊಂಡರೆ ಮುಗಿಯಿತು.’ ನಮ್ಮ ಪಕ್ಷದವರೆಂದೇ ಹೇಳಿಕೊಂಡು ಬರುವ ಇವರಿಂದ ಆಗುವ ಹಾನಿ ಮೊದಲಿನವರಿಂದ ಆಗುವುದಕ್ಕಿಂತ ಕಡಿಮೆಯೇನಲ್ಲ. ಕಟ್ಟಡದ ಬಾಡಿಗೆ ತಪ್ಪಿದರೂ ಖೋಲಿಯೊಳಗಿನ ಸಾಮಾನಿನ ಬಾಡಿಗೆ ತಪ್ಪುವುದಿಲ್ಲ. ವಿಂಡೋಸ್ ಸರ್ವರಿನ ಪರವಾನಗಿ ಭೌತಿಕ ಕೋರುಗಳ ಮೇಲಿದೆ: ಒಂದು ಸರ್ವರಿಗೆ ಕನಿಷ್ಠ 16 ಕೋರು. ಅಷ್ಟೂ ಕೋರುಗಳಿಗೆ ಸ್ಟ್ಯಾಂಡರ್ಡ್ ಪರವಾನಗಿ ಕೊಂಡರೆ ಎರಡು ವರ್ಚುವಲ್ ಯಂತ್ರಗಳಿಗೆ ಅನುಮತಿ. ಮೂರನೆಯದು ಬೇಕಾದರೆ ಎಲ್ಲ ಕೋರುಗಳಿಗೂ ಮತ್ತೊಮ್ಮೆ ಕೊಳ್ಳಬೇಕು. ಡೇಟಾಸೆಂಟರ್ ಆವೃತ್ತಿಗೆ ಮಾತ್ರ ಈ ಮಿತಿಯಿಲ್ಲ. ಒಂದು ಸರ್ವರ್ ಕೆಟ್ಟಾಗ ಯಂತ್ರಗಳು ಪಕ್ಕದ ಸರ್ವರಿಗೆ ದಾಟಿಕೊಳ್ಳುವ ವ್ಯವಸ್ಥೆಯಿದ್ದರೆ, ಪಕ್ಕದ್ದಕ್ಕೂ ಆ ಹೊರೆಗೆ ತಕ್ಕ ಪರವಾನಗಿ ಇರಲೇಬೇಕು. ಏಕೆಂದರೆ ಸಾಮಾನ್ಯವಾಗಿ 90 ದಿನಗಳಿಗೊಮ್ಮೆ ಮಾತ್ರ ಪರವಾನಗಿಯನ್ನು ಸರ್ವರಿನಿಂದ ಸರ್ವರಿಗೆ ವರ್ಗಾಯಿಸಬಹುದು. ಹಳೆಯ ಸರ್ವರಿನ ಜೊತೆಯಲ್ಲೇ ಬಂದ ಓಇಎಂ ಪರವಾನಗಿಯಂತೂ ಆ ಪೆಟ್ಟಿಗೆಯೊಡನೆಯೇ ಮಣ್ಣಾಗುತ್ತದೆ. ಹೈಪರ್‌ವೈಸರ್ ಬದಲಿಸಿದ ಮಾತ್ರಕ್ಕೆ ಇವುಗಳಲ್ಲಿ ಒಂದೂ ಬದಲಾಗುವುದಿಲ್ಲ.

ಒರಾಕಲ್ ದತ್ತಾಂಶ ಸಂಗ್ರಹ ಇರುವವರ ಪಾಡು ಇನ್ನೂ ಸೂಕ್ಷ್ಮ. ವರ್ಚುವಲ್ ಯಂತ್ರಕ್ಕೆ ನಾಲ್ಕೇ ಕೋರು ಕೊಟ್ಟಿದ್ದೇವೆ ಎಂದರೆ ಆ ಸಂಸ್ಥೆ ಒಪ್ಪುವುದಿಲ್ಲ. ತಾನು ಮಾನ್ಯ ಮಾಡಿದ ವಿಭಜನೆ ಅಲ್ಲದಿದ್ದರೆ, ಆ ಯಂತ್ರ ಓಡಬಹುದಾದ ಸರ್ವರುಗಳ ಎಲ್ಲ ಕೋರುಗಳನ್ನೂ ಎಣಿಸುವುದು ಅದರ ನಿಲುವು. ವಿಎಂವೇರ್ ಬಿಟ್ಟು ಬೇರೊಂದು ಸಾಮಾನ್ಯ ವೇದಿಕೆಗೆ ಹೋದರೂ ಈ ತೊಡಕು ಬಿಡದು. ಅಂಥ ದತ್ತಾಂಶ ಸಂಗ್ರಹವನ್ನು ಬೇರೆಯದೇ ಸಣ್ಣ ಸರ್ವರಿನಲ್ಲಿ ಒಂಟಿಯಾಗಿ ಇರಿಸುವುದು ಹೆಚ್ಚು ಕ್ಷೇಮ. ಆದ್ದರಿಂದ ಸ್ಥಳಾಂತರದ ಮೊದಲ ಕೆಲಸ ವೇದಿಕೆಯ ಆಯ್ಕೆಯಲ್ಲ; ಪ್ರತಿ ಖೋಲಿಯ ಬಾಗಿಲು ತೆರೆದು ಒಳಗೇನಿದೆ, ಅದರ ಪರವಾನಗಿಯ ಕಾಗದ ಎಲ್ಲಿದೆ, ಅದು ಯಾವುದಕ್ಕೆ ಕಟ್ಟಿಹಾಕಿಕೊಂಡಿದೆ ಎಂದು ಬರೆದಿಡುವುದು. ಎಷ್ಟೋ ವೇಳೆ ಈ ಪಟ್ಟಿ ಮುಗಿಯುವಷ್ಟರಲ್ಲಿ ಯಾರಿಗೂ ಬೇಡವಾದ ಯಂತ್ರಗಳು ಬೆಳಕಿಗೆ ಬರುತ್ತವೆ. ಅವುಗಳನ್ನು ಆರಿಸಿದ ಮೇಲೆ ಕೊಳ್ಳಬೇಕಾದ ಕೋರುಗಳೂ ಕಡಿಮೆಯಾಗಬಹುದು.

ಮೂರನೆಯ ವಾದ: ‘ಇದೆಲ್ಲ ಏಕೆ, ಕ್ಲೌಡಿಗೆ ಹೋಗಿಬಿಡಿ.’ ಅಮೆಜಾನಿನ ಮುಂಬಯಿ ವಲಯ 2016ರಿಂದಲೇ ಇದೆ. ಯಾವಾಗಲೋ ಒಮ್ಮೆ ಹೊರೆ ಏರಿ ಇಳಿಯುವ ಕೆಲಸಗಳಿಗೆ ಅದು ಒಳ್ಳೆಯದು. ಆದರೆ ಹಗಲಿರುಳು ಒಂದೇ ಗತಿಯಲ್ಲಿ ಓಡುವ ಲೆಕ್ಕಪತ್ರದ ಯಂತ್ರಕ್ಕೆ ಗಂಟೆಯ ಲೆಕ್ಕದ ಬಾಡಿಗೆಯೆಂದರೆ ಸಂಸಾರ ಹೂಡಿದವನು ಲಾಡ್ಜಿನಲ್ಲಿ ಉಳಿದಂತೆ. ಸಾಮಾನನ್ನು ಹೊರಗೆ ಸಾಗಿಸಲೂ ಸಾಮಾನ್ಯವಾಗಿ ದರವಿದೆ. ಕ್ಲೌಡ್ ಕೂಡ ಒಂದು ಮನೆಯೇ. ಅಲ್ಲಿಯೂ ಮೊದಲು ಕೇಳಬೇಕಾದದ್ದು ಬಾಗಿಲಿನ ಪ್ರಶ್ನೆಯೇ.

ಹಾಗಾದರೆ ಯಾವುದನ್ನು ಆರಿಸಬೇಕು? ಬಾಗಿಲಿನ ಅಳತೆಗೋಲು ಹಿಡಿದು ನೋಡೋಣ. ಮೈಕ್ರೋಸಾಫ್ಟಿನ ಹೈಪರ್-ವಿ, ಎಲ್ಲವೂ ವಿಂಡೋಸ್ ಆಗಿರುವ, ಡೇಟಾಸೆಂಟರ್ ಪರವಾನಗಿ ಈಗಾಗಲೇ ಇರುವ ಕಚೇರಿಗೆ ಹೊಸ ಖರ್ಚಿಲ್ಲದೆ ಒದಗುತ್ತದೆ. ಆದರೆ ಅದರ ಪ್ರತ್ಯೇಕ ಉಚಿತ ಆವೃತ್ತಿ 2019ರದೇ ಕೊನೆಯದು. ಕಂಪನಿ ಕೊಟ್ಟ ಉಚಿತಕ್ಕೆ ಕಂಪನಿಯದೇ ಆಯುಷ್ಯ. ನ್ಯೂಟಾನಿಕ್ಸ್ ಅಚ್ಚುಕಟ್ಟಾದ ವ್ಯವಸ್ಥೆ, ಆದರೂ ಅದು ಮತ್ತೊಂದು ಚಂದಾದ ಮನೆ. ಇನ್ನೊಂದು ಕಡೆ ಕೆವಿಎಂ ಇದೆ. 2007ರಲ್ಲಿ ಲಿನಕ್ಸ್ ತಿರುಳಿನೊಳಗೇ ಸೇರಿದ ಹೈಪರ್‌ವೈಸರ್ ಅದು. ನ್ಯೂಟಾನಿಕ್ಸಿನ ಒಳಗೂ, ಅಮೆಜಾನಿನ ಇಂದಿನ ಯಂತ್ರಗಳ ಬುಡದಲ್ಲೂ, ಗೂಗಲ್ ಕ್ಲೌಡಿನಲ್ಲೂ ಇರುವುದು ಅದರ ರೂಪಗಳೇ. ‘ಪರೀಕ್ಷೆಗೊಳಗಾಗದ ಸಾಮಗ್ರಿ’ ಎಂಬ ಆಕ್ಷೇಪ ಇಲ್ಲಿ ನಿಲ್ಲುವುದಿಲ್ಲ. ಕೆವಿಎಂ ಸುತ್ತ ಕಟ್ಟಿದ ಪ್ರಾಕ್ಸ್‌ಮಾಕ್ಸ್ 2008ರಿಂದ ವಿಯೆನ್ನಾದಿಂದ ಬರುತ್ತಿದೆ. ಅದರ ಪರವಾನಗಿ ಎಜಿಪಿಎಲ್. ಬೆಂಬಲ ಬೇಕಾದವರು ಪ್ರೊಸೆಸರ್ ಒಂದಕ್ಕೆ ವರ್ಷಕ್ಕಿಷ್ಟು ಎಂದು ಕೊಡಬಹುದು. ಕೊಡದಿದ್ದರೂ ತಂತ್ರಾಂಶದ ಯಾವ ಸೌಲಭ್ಯವೂ ಮುಚ್ಚಿಕೊಳ್ಳುವುದಿಲ್ಲ. ಕ್ಸೆನ್ ಪರಂಪರೆಯ ಎಕ್ಸ್‌ಸಿಪಿ-ಎನ್‌ಜಿ ಇನ್ನೊಂದು ಮುಕ್ತ ಆಯ್ಕೆ.

ಮುಕ್ತ ತಂತ್ರಾಂಶದ ಲೋಕದಲ್ಲೂ ಯಜಮಾನರು ಮನಸ್ಸು ಬದಲಿಸುತ್ತಾರೆ. ಸಿಟ್ರಿಕ್ಸ್ ಸಂಸ್ಥೆ 2017ರಲ್ಲಿ ಕ್ಸೆನ್‌ಸರ್ವರಿನ ಉಚಿತ ಆವೃತ್ತಿಯಿಂದ ಹಲವು ಸೌಲಭ್ಯಗಳನ್ನು ಕಿತ್ತುಕೊಂಡಿತು. ಮುಂದೇನಾಯಿತು? ಆಕರ ಸಂಕೇತ ಮುಕ್ತವಾಗಿದ್ದ ಕಾರಣ, ಫ್ರಾನ್ಸಿನ ಗ್ರೆನೋಬಲ್‌ನ ಒಂದು ಚಿಕ್ಕ ತಂಡ 2018ರಲ್ಲಿ ಅದೇ ಅಡಿಪಾಯದ ಮೇಲೆ ಎಕ್ಸ್‌ಸಿಪಿ-ಎನ್‌ಜಿಯನ್ನು ಕಟ್ಟಿತು. ರೆಡ್ ಹ್ಯಾಟ್ 2020ರ ಡಿಸೆಂಬರಿನಲ್ಲಿ ಸೆಂಟೊಸ್ ಲಿನಕ್ಸ್ 8ರ ಆಯುಷ್ಯವನ್ನು ಮೊಟಕುಗೊಳಿಸಿದಾಗ, ಆಲ್ಮಾ ಮತ್ತು ರಾಕಿ ಎಂಬ ಎರಡು ಹೊಸ ಮನೆಗಳು ಕೆಲವೇ ತಿಂಗಳುಗಳಲ್ಲಿ ಎದ್ದವು. ಬಳಕೆದಾರರಿಗೆ ತೊಂದರೆಯಾಯಿತು, ಸಿಟ್ಟೂ ಬಂತು. ಆದರೆ ಯಾರೂ ಬೀದಿಗೆ ಬೀಳಲಿಲ್ಲ. ವಿಎಂವೇರ್ ವಿಷಯದಲ್ಲಿ ಹಾಗೆ ಮತ್ತೊಂದು ಮನೆ ಕಟ್ಟಲು ಯಾರಿಗೂ ಹಕ್ಕಿರಲಿಲ್ಲ. ಬೆಲೆಯಲ್ಲಿರುವ ವ್ಯತ್ಯಾಸಕ್ಕಿಂತ ದೊಡ್ಡದು ಈ ವ್ಯತ್ಯಾಸ. ಸಣ್ಣ ಮತ್ತು ಮಧ್ಯಮ ಸಂಸ್ಥೆಗಳು ಕೆವಿಎಂ ಆಧಾರಿತ ಮುಕ್ತ ವೇದಿಕೆಯತ್ತ ಹೆಜ್ಜೆ ಹಾಕಬೇಕೆಂದು ನಾವು ಹೇಳುವುದು ಈ ಕಾರಣಕ್ಕೆ. ಅದು ಪುಕ್ಕಟೆ ಎಂಬ ಕಾರಣಕ್ಕಲ್ಲ.

ಹೆಜ್ಜೆ ಹಾಕುವ ಬಗೆಯಲ್ಲೂ ಶಿಸ್ತು ಬೇಕು. ಮೊದಲು ಮರಳಿ ತೆರೆದು ಪರೀಕ್ಷಿಸಿದ ಬ್ಯಾಕಪ್. ಪರೀಕ್ಷಿಸದ ಬ್ಯಾಕಪ್ ಇದ್ದೂ ಇಲ್ಲದಂತೆ. ಆಮೇಲೆ ಹಳೆಯ ಸ್ನ್ಯಾಪ್‌ಶಾಟುಗಳ ವಿಲೇವಾರಿ. ವಿಂಡೋಸ್ ಯಂತ್ರಗಳಲ್ಲಿ ವರ್ಟಿಯೊ ಡ್ರೈವರುಗಳನ್ನು ಹಳೆಯ ಮನೆಯಲ್ಲಿರುವಾಗಲೇ ಹಾಕಿಡಬೇಕು. ಇಲ್ಲವಾದರೆ ಹೊಸ ಮನೆಯಲ್ಲಿ ಕಣ್ಣುಬಿಟ್ಟ ಯಂತ್ರಕ್ಕೆ ತನ್ನ ಡಿಸ್ಕೇ ಕಾಣದೆ ನೀಲಿ ಪರದೆ ಬರಬಹುದು. ಜಾಲಕಾರ್ಡಿನ ಗುರುತಿಗೋ ಯುಎಸ್‌ಬಿ ಡಾಂಗಲಿಗೋ ಕಟ್ಟಿಹಾಕಿದ ತಂತ್ರಾಂಶಗಳು ಜಾಗ ಬದಲಾದ ಕೂಡಲೇ ಮುನಿಸಿಕೊಳ್ಳುತ್ತವೆ. ಅವುಗಳನ್ನು ಮಾರಿದವರಿಂದ ಮೊದಲೇ ಲಿಖಿತ ಒಪ್ಪಿಗೆ ಪಡೆಯಬೇಕು. ಪ್ರಾಕ್ಸ್‌ಮಾಕ್ಸ್ 2024ರಿಂದ ಹಳೆಯ ಸರ್ವರಿನಿಂದ ಯಂತ್ರಗಳನ್ನು ನೇರವಾಗಿ ಎಳೆದುಕೊಳ್ಳುವ ಸೌಕರ್ಯ ಕೊಟ್ಟಿದೆ. ಆದರೂ ಮಹತ್ವವಿಲ್ಲದ ಯಂತ್ರಗಳಿಂದ ಆರಂಭಿಸಿ, ಒಂದು ತಿಂಗಳ ಲೆಕ್ಕ ಮುಗಿಯುವವರೆಗೆ ಹಳೆಯ ಮನೆಯ ಬೀಗದ ಕೈ ಕೊಡದಿರುವುದೇ ಜಾಣತನ. ಚಂದಾ ಮುಗಿಯುವ ದಿನದ ಹಿಂದಿನ ವಾರ ಈ ಕೆಲಸಕ್ಕೆ ಇಳಿದವರಿಗೆ ಯಾವ ವೇದಿಕೆಯೂ ಒಲಿಯದು.

ಈ ಪಾಠ ಕನ್ನಡ ಓದುಗರಿಗೆ ಹೊಸದೇನಲ್ಲ. ಶ್ರೀಲಿಪಿ, ಬರಹ, ನುಡಿಗಳ ಹಳೆಯ ಸಂಕೇತಗಳಲ್ಲಿ ಅಚ್ಚಿಗೆ ಜೋಡಿಸಿದ ಎಷ್ಟೋ ಪುಸ್ತಕಗಳು, ಅಭಿನಂದನ ಗ್ರಂಥಗಳು, ಸಂಘಗಳ ಸ್ಮರಣಸಂಚಿಕೆಗಳು ಇಂದು ತೆರೆದರೆ ಅರ್ಥವಿಲ್ಲದ ಅಕ್ಷರಗಳ ಸಂತೆ. ಆ ತಂತ್ರಾಂಶಗಳನ್ನು ಕಟ್ಟಿದವರ ಋಣ ದೊಡ್ಡದು. ಅವರಿಲ್ಲದೆ ಕನ್ನಡ ಗಣಕಕ್ಕೆ ಬರುತ್ತಿರಲಿಲ್ಲ. ಆದರೆ ಆ ಸಂಕೇತಗಳಿಗೆ ಎಲ್ಲೆಡೆಯ ಮನ್ನಣೆ ಇಲ್ಲದ್ದರಿಂದ ಅವುಗಳಿಂದ ಹೊರಬರಲು ಸುಲಭದ ಬಾಗಿಲಿರಲಿಲ್ಲ. 1991ರಲ್ಲೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ನಾವು ಕನ್ನಡಿಗರು ಅದನ್ನು ರೂಢಿಗೆ ತರಲು ದಶಕಗಳು ಹಿಡಿದವು. ತಡಮಾಡಿದ್ದಕ್ಕೆ ತೆತ್ತ ಬೆಲೆ, ಮತ್ತೆ ಕೈಯಿಂದಲೇ ಕುಟ್ಟಿದ ಸಾವಿರಾರು ಪುಟಗಳು. ಅಕ್ಷರಕ್ಕೆ ಆದದ್ದು ಯಂತ್ರಕ್ಕೂ ಆಗಬೇಕೇ?

ಉಳಿದ ಹಣವನ್ನು ಏನು ಮಾಡಬೇಕೆಂಬುದು ಕೊನೆಯ ಮಾತು. ಅದನ್ನು ಲಾಭವೆಂದು ಜಮಾ ಮಾಡಿಕೊಂಡು ಕುಳಿತರೆ ಎರಡನೆಯ ವರ್ಷ ಪಶ್ಚಾತ್ತಾಪ ಖಂಡಿತ. ಮುಕ್ತ ವೇದಿಕೆಗೆ ಪರವಾನಗಿಯ ಖರ್ಚು ಕಡಿಮೆ, ಬಲ್ಲ ಜನರ ಅಗತ್ಯ ಹೆಚ್ಚು. ಆ ಹಣ ನಮ್ಮ ಹುಡುಗ ಹುಡುಗಿಯರ ತರಬೇತಿಗೆ, ಅವರ ಸಂಬಳಕ್ಕೆ, ವೇದಿಕೆ ಕಟ್ಟುವವರ ಬೆಂಬಲ ಚಂದಾಕ್ಕೆ ಹೋಗಬೇಕು. ಪೊವಾಯಿಯ ಐಐಟಿಯಲ್ಲಿ ಹುಟ್ಟಿದ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಲಿನಕ್ಸ್ ಮೊದಲಾದ ಮುಕ್ತ ತಂತ್ರಾಂಶಗಳ ಪಾಠಗಳನ್ನು ಕನ್ನಡದಲ್ಲೂ ಕೊಟ್ಟಿದೆ. ಬೆಂಗಳೂರಿನ ಜೆರೋಧಾ ಸಂಸ್ಥೆ 2024ರಲ್ಲಿ ಮುಕ್ತ ತಂತ್ರಾಂಶ ಕಟ್ಟುವವರಿಗಾಗಿ ವರ್ಷಕ್ಕೆ 10 ಲಕ್ಷ ಡಾಲರುಗಳ ನಿಧಿ ತೆರೆಯಿತು. ಹಗಲು ಹೋಟೆಲಿನಲ್ಲಿ ದುಡಿದವರಿಗೆ ರಾತ್ರಿಶಾಲೆ ತೆರೆದು ಅಕ್ಷರ ಕಲಿಸಿದ ಸಮುದಾಯಕ್ಕೆ, ಯಂತ್ರಕೊಠಡಿಯ ವಿದ್ಯೆ ಕಲಿಸುವ ಸಂಜೆ ತರಗತಿ ತೆರೆಯುವುದು ಮೀರಿದ ಕೆಲಸವಲ್ಲ.

ಆಡಳಿತ ಮಂಡಳಿಗಳ ಸದಸ್ಯರಲ್ಲಿ ನಮ್ಮ ಆಗ್ರಹ ಇಷ್ಟು. ನವೀಕರಣದ ಕಾಗದ ಮೇಜಿನ ಮೇಲೆ ಬಂದ ದಿನ, ನಿಮ್ಮ ಕಂಪ್ಯೂಟರ್ ವಿಭಾಗದವರನ್ನು ಎದುರು ಕೂರಿಸಿಕೊಂಡು ನಾಲ್ಕು ಪ್ರಶ್ನೆ ಕೇಳಿ. ಹಣ ಕಟ್ಟುವುದು ನಿಂತ ಮರುದಿನ ಈ ಯಂತ್ರಗಳು ಓಡುತ್ತವೆಯೇ? ನಮ್ಮ ದತ್ತಾಂಶವನ್ನು ಬೇರೊಂದು ವೇದಿಕೆಯಲ್ಲಿ ತೆರೆದು ನೋಡಿದ್ದೀರಾ, ನೋಡಿದ್ದರೆ ಯಾವ ದಿನ? ಖೋಲಿಯೊಳಗಿನ ಪ್ರತಿ ತಂತ್ರಾಂಶದ ಪರವಾನಗಿ ಜಾಗ ಬದಲಾದರೂ ಉಳಿಯುತ್ತದೆಯೇ? ಈ ಕೆಲಸ ಬಲ್ಲವರು ನಮ್ಮಲ್ಲಿ ಒಬ್ಬರಿಗಿಂತ ಹೆಚ್ಚು ಇದ್ದಾರೆಯೇ? ಉತ್ತರಗಳನ್ನು ಸಭೆಯ ನಡವಳಿಯಲ್ಲಿ ಬರೆಸಿ. ನಾಲ್ಕಕ್ಕೂ ಸಮಾಧಾನಕರ ಉತ್ತರ ದೊರೆತರೆ, ಯಾವ ಕಂಪನಿಯ ಹೆಸರಿದ್ದರೂ ಧಾರಾಳವಾಗಿ ಸಹಿ ಹಾಕಿ. ದೊರೆಯದಿದ್ದರೆ ಆ ಕಾಗದವನ್ನು ಪಕ್ಕಕ್ಕಿಟ್ಟು, ಬಾಗಿಲು ಕೊರೆಯುವ ಕೆಲಸವನ್ನು ಆ ದಿನವೇ ಆರಂಭಿಸಿ.